ನೈರೋಬಿಯ ಆ ಎರಡು ದಿನ ಕೈಬಿಡಬೇಡಿ

ಪ್ರಶ್ನೆ: ನಾನು ಹುಬ್ಬಳ್ಳಿಯ ನಿವೃತ್ತ ಪ್ರೌಢಶಾಲಾ ಶಿಕ್ಷಕಿ, ವಯಸ್ಸು 59. ನಮ್ಮ ಯಜಮಾನರಿಗೆ 66. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಾರೆ, ಮೊಣಕಾಲು ನೋವೂ ಇದೆ. ಇಬ್ಬರೂ ಸಸ್ಯಾಹಾರಿಗಳು. ಮಗಳು ನಮಗಾಗಿ ಆಗಸ್ಟ್ ತಿಂಗಳಲ್ಲಿ ಕೆನ್ಯಾದ ಮಸಾಯಿ ಮಾರಾ ಸಫಾರಿ ಬುಕ್ ಮಾಡಿದ್ದಾಳೆ. ಸಫಾರಿಗೆ ಮೊದಲು ಒಂದು ದಿನ, ಮುಗಿದ ಮೇಲೆ ಒಂದು ದಿನ ನೈರೋಬಿಯಲ್ಲಿ ಖಾಲಿ ಇದೆ. ಟ್ರಾವೆಲ್ಸ್‌ನವರು ‘ಊರೊಳಗೆ ನೋಡೋದಕ್ಕೆ ಏನೂ ಇಲ್ಲ, ಹೋಟೆಲ್ ಬಿಟ್ಟು ಹೊರಗೆ ಹೋಗಬೇಡಿ’ ಅಂದರು. ಹಾಡಹಗಲೇ ದೋಚುತ್ತಾರೆ, ಹಳದಿ ಜ್ವರ ಬರುತ್ತೆ, ಮಾಂಸ ಬಿಟ್ಟರೆ ತಿನ್ನೋಕೆ ಬೇರೇನೂ ಸಿಗಲ್ಲ ಅಂತ ನಮ್ಮ ಭಾವನವರು ಹೆದರಿಸುತ್ತಿದ್ದಾರೆ. ಆ ಎರಡು ದಿನ ರದ್ದು ಮಾಡಿ ನೇರ ಕಾಡಿಗೆ ಹೋಗಿ ಬರುವುದೇ ಒಳ್ಳೆಯದಾ? ನನಗೆ ಮಾತ್ರ ಆಫ್ರಿಕಾದ ಒಂದು ಊರನ್ನಾದರೂ ನಡೆದು ನೋಡಬೇಕು ಅಂತ ಆಸೆ. ಇದು ಅತಿಯಾಸೆಯಾ?

ಉತ್ತರ: ಅತಿಯಾಸೆ ಖಂಡಿತ ಅಲ್ಲ. ಕನ್ನಡದ ಕುಟುಂಬಗಳನ್ನು ಪೂರ್ವ ಆಫ್ರಿಕಾಕ್ಕೆ ಕರೆದೊಯ್ಯುವುದು ನನ್ನ ವೃತ್ತಿ. ಮರಳಿ ಬಂದವರು ಸಿಂಹದ ಫೋಟೊ ತೋರಿಸುತ್ತಾರೆ. ಆದರೆ ಅವರ ಮಾತು ರಂಗೇರುವುದು ನೈರೋಬಿಯ ಯಾವುದೋ ಚಹಾದಂಗಡಿ, ಅಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸು ‘ಮಾಮಾ, ಎಲ್ಲಿಂದ ಬಂದಿರಿ’ ಅಂತ ಕೇಳಿದ್ದು, ಇಂಥವುಗಳಿಗೆ ಬಂದಾಗಲೇ. ಕಾಡಿನಲ್ಲಿ ನಾವು ಜೀಪಿನೊಳಗೆ ಕೂತು ನೋಡುವವರು. ಊರಿನಲ್ಲಿ ನಾಲ್ಕು ಜನರ ನಡುವೆ ನಾವೂ ಒಬ್ಬರಾಗುತ್ತೇವೆ. ಆ ಎರಡು ದಿನ ಉಳಿಸಿಕೊಳ್ಳಿ ಎಂಬುದೇ ನನ್ನ ಸಲಹೆ. ಆದರೆ ನಿಮಗೆ ಬಂದಿರುವ ಎಚ್ಚರಿಕೆಗಳೆಲ್ಲ ಸುಳ್ಳು ಎಂದು ಹೇಳಲಾರೆ. ಒಂದೊಂದರಲ್ಲೂ ಒಂದಷ್ಟು ನಿಜವಿದೆ. ಆ ನಿಜ ಎಷ್ಟು, ಅದರ ಆಕಾರ ಎಂಥದ್ದು ಎಂದು ತಿಳಿದುಕೊಂಡರೆ ಭಯ ತಾನಾಗಿ ತನ್ನ ಅಳತೆಗೆ ಬರುತ್ತದೆ.

ಜ್ವರದ ವಿಷಯಕ್ಕೆ ಮೊದಲು ಬರುತ್ತೇನೆ, ಯಾಕೆಂದರೆ ಇದಕ್ಕೆ ನೀವು ಈಗಲೇ ಓಡಾಡಬೇಕು. ಹಳದಿ ಜ್ವರದ ಪ್ರಮಾಣಪತ್ರವನ್ನು ನೇರವಾಗಿ ಭಾರತದಿಂದ ಬರುವವರಿಗೆ ಕೆನ್ಯಾ ಕಡ್ಡಾಯ ಮಾಡಿಲ್ಲ. ಅದನ್ನು ಕೇಳುವುದು ನಮ್ಮ ದೇಶವೇ, ಅದೂ ನೀವು ವಾಪಸ್ ಬಂದಿಳಿದಾಗ. ಈ ರೋಗ ಹರಡುವ ಈಡಿಸ್ ಸೊಳ್ಳೆ ನಮ್ಮಲ್ಲಿ ಬೇಕಾದಷ್ಟಿದೆ, ರೋಗ ಮಾತ್ರ ಇಲ್ಲ. ಒಮ್ಮೆ ಒಳಗೆ ಬಂದರೆ ಡೆಂಗಿಯಂತೆ ಹಬ್ಬಬಹುದು ಎಂಬ ಕಾರಣಕ್ಕೆ ಭಾರತ ಇಷ್ಟು ಬಿಗಿ. ಪ್ರಮಾಣಪತ್ರ ಇಲ್ಲದೆ ಬಂದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆಯನ್ನು ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕಿಸಿಕೊಳ್ಳಬೇಕು. ಚುಚ್ಚಿದ ಹತ್ತನೇ ದಿನದಿಂದ ಪತ್ರಕ್ಕೆ ಮಾನ್ಯತೆ ಬರುತ್ತದೆ. 2016ರಿಂದ ಒಮ್ಮೆ ಹಾಕಿಸಿಕೊಂಡರೆ ಜೀವಮಾನವಿಡೀ ಸಾಕು ಎಂದಾಗಿದೆ.

ಆದರೆ ನಿಮ್ಮ ಯಜಮಾನರ ವಯಸ್ಸನ್ನು ಇಲ್ಲಿ ಗಮನಿಸಬೇಕು. ಇದು ಜೀವಂತ ವೈರಸ್ಸನ್ನು ದುರ್ಬಲಗೊಳಿಸಿ ಮಾಡಿದ ಲಸಿಕೆ. 60 ದಾಟಿದವರು ಮೊದಲ ಬಾರಿಗೆ ಹಾಕಿಸಿಕೊಂಡಾಗ ಗಂಭೀರ ಅಡ್ಡಪರಿಣಾಮದ ಸಾಧ್ಯತೆ ಉಳಿದವರಿಗಿಂತ ಹೆಚ್ಚು, ಒಟ್ಟು ಲೆಕ್ಕದಲ್ಲಿ ಅದು ಅಪರೂಪವೇ ಆದರೂ. ಮೊಟ್ಟೆಯ ಅಲರ್ಜಿ ಇದ್ದವರಿಗೂ, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿ ತೆಗೆದುಕೊಳ್ಳುವವರಿಗೂ ಇದು ಸಲ್ಲದಿರಬಹುದು. ಆದ್ದರಿಂದ ಲಸಿಕಾ ಕೇಂದ್ರಕ್ಕೆ ಹೋಗುವ ಮೊದಲು ಅವರನ್ನು ನೋಡುವ ವೈದ್ಯರ ಹತ್ತಿರ ಪೂರ್ತಿ ಔಷಧಿ ಚೀಟಿ ಹಿಡಿದು ಕೂತು ಮಾತಾಡಿ. ‘ಎಲ್ಲರೂ ಹಾಕಿಸ್ಕೋತಾರೆ’ ಎಂಬ ಮಾತು ಈ ಒಂದು ವಿಷಯದಲ್ಲಿ ಸಾಲದು. ವೈದ್ಯರು ಬೇಡ ಎಂದರೆ ವಾಪಸಾದಾಗ ಏನಾಗುತ್ತದೆ ಎಂದು ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಗಳನ್ನು ಮೊದಲೇ ಕೇಳಿ ಇಟ್ಟುಕೊಳ್ಳಿ. ಅದೇ ಭೇಟಿಯಲ್ಲಿ ಮಲೇರಿಯಾ ಮಾತ್ರೆಯ ಬಗ್ಗೆಯೂ ಕೇಳಿ. ನೈರೋಬಿ ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್ ಎತ್ತರದಲ್ಲಿ, ಅಂದರೆ ನಂದಿಬೆಟ್ಟದ ತುದಿಗಿಂತಲೂ ಮೇಲೆ ಇರುವ ಊರು. ಅಲ್ಲಿ ಮಲೇರಿಯಾ ತೀರಾ ಕಡಿಮೆ. ಮಾರಾದಲ್ಲಿ ಇದೆ. ಗಮನಿಸಿ, ಜ್ವರದ ಭಯಕ್ಕೆ ನಗರವನ್ನು ಬಿಟ್ಟು ಕಾಡಿಗೆ ಹೋಗುವುದು ತಿರುಗುಮುರುಗಿನ ಲೆಕ್ಕ.

ಇನ್ನು ಕಳ್ಳತನ. ಇದರ ಬಗ್ಗೆ ಮುಚ್ಚುಮರೆ ಮಾಡಿದರೆ ನಿಮಗೆ ಅನ್ಯಾಯ ಮಾಡಿದಂತೆ. ತೊಂಬತ್ತರ ದಶಕದಲ್ಲಿ ನೈರೋಬಿಗೆ ದರೋಡೆಯ ಊರು ಎಂಬ ಅಡ್ಡಹೆಸರು ಬಿತ್ತು, ಸುಮ್ಮನೆ ಬಿದ್ದದ್ದಲ್ಲ. 1998ರ ಆಗಸ್ಟ್ 7ರಂದು ಅಮೆರಿಕದ ರಾಯಭಾರ ಕಚೇರಿಯ ಮೇಲೆ ನಡೆದ ಬಾಂಬ್ ದಾಳಿಯಲ್ಲಿ 213 ಜನ ಸತ್ತರು, ಅವರಲ್ಲಿ ಬಹುಪಾಲು ಕೆನ್ಯಾದ ಸಾಮಾನ್ಯರು. ಆ ಜಾಗ ಈಗ ನಗರದ ನಡುವೆ ಒಂದು ಸ್ಮಾರಕ ಉದ್ಯಾನ. 2013ರಲ್ಲಿ ಒಂದು ಮಾಲ್ ಮೇಲೆ, 2019ರಲ್ಲಿ ಒಂದು ಹೋಟೆಲ್ ಸಂಕೀರ್ಣದ ಮೇಲೆ ಉಗ್ರರ ದಾಳಿಯಾಯಿತು. ಇವತ್ತು ಯಾವ ಮಾಲಿಗೆ ಹೋದರೂ ಬಾಗಿಲಲ್ಲಿ ಚೀಲ ತಪಾಸಣೆ, ಕಾರಿನ ಡಿಕ್ಕಿ ತಪಾಸಣೆ ಇರುವುದು ಅದಕ್ಕೇ. 2024 ಮತ್ತು 2025ರ ಜೂನ್–ಜುಲೈನಲ್ಲಿ ಯುವಜನರ ಪ್ರತಿಭಟನೆಗಳು ನಗರದ ಕೇಂದ್ರಭಾಗವನ್ನೇ ನಿಲ್ಲಿಸಿದ್ದವು. ಹೊರಡುವ ಮುನ್ನಾ ವಾರ ಸುದ್ದಿ ನೋಡಿ. ಮೆರವಣಿಗೆ ಇದೆ ಎಂದು ಹೋಟೆಲಿನವರು ಹೇಳಿದ ದಿನ ಆ ಕಡೆ ಹೆಜ್ಜೆ ಇಡಬೇಡಿ, ಎಷ್ಟೇ ಶಾಂತವಾಗಿ ಕಂಡರೂ.

ಆದರೆ ಪ್ರವಾಸಿಗೆ ದಿನನಿತ್ಯ ಎದುರಾಗುವ ಅಪಾಯ ಇವು ಯಾವುವೂ ಅಲ್ಲ. ಅದು ಮೊಬೈಲ್ ಫೋನ್. ಕಾರಿನ ಕಿಟಕಿ ಇಳಿಸಿ ಫೋನ್ ಹಿಡಿದು ಕೂತರೆ ಟ್ರಾಫಿಕ್ಕಿನ ನಡುವೆ ಕೈ ಹಾಕಿ ಕಿತ್ತುಕೊಂಡು ಓಡುತ್ತಾರೆ. ರಸ್ತೆ ಬದಿಯಲ್ಲಿ ನಿಂತು ಮ್ಯಾಪ್ ನೋಡುತ್ತಿದ್ದರೆ ಬೈಕಿನಲ್ಲಿ ಬಂದವರು ಕಸಿಯುತ್ತಾರೆ. ದಾರಿ ನೋಡಬೇಕೆಂದರೆ ಅಂಗಡಿಯೊಳಗೆ ಹೋಗಿ ನೋಡಿ. ಕೊರಳ ಸರ, ಬಳೆ ಮನೆಯಲ್ಲೇ ಇರಲಿ. ಕರಿಮಣಿ ತೆಗೆಯಲು ಮನಸ್ಸಿಲ್ಲದಿದ್ದರೆ ಬಟ್ಟೆಯೊಳಗೆ ಇರಲಿ. ಇನ್ನೊಂದು ಹಳೆಯ ಮೋಸವಿದೆ: ಒಬ್ಬ ಸಭ್ಯ ಹುಡುಗ ವಿದ್ಯಾರ್ಥಿ ಎಂದೋ ನಿರಾಶ್ರಿತ ಎಂದೋ ಮಾತಿಗಿಳಿಯುತ್ತಾನೆ. ಆಮೇಲೆ ‘ಪೊಲೀಸರು’ ಬಂದು ನೀವು ಅವನ ಜೊತೆ ಯಾಕೆ ಮಾತಾಡಿದಿರಿ ಎಂದು ದಂಡ ಕೇಳುತ್ತಾರೆ. ಸಮವಸ್ತ್ರವಿಲ್ಲದ ಯಾರಿಗೂ ದುಡ್ಡಾಗಲಿ ಪಾಸ್‌ಪೋರ್ಟಾಗಲಿ ಕೊಡಬೇಡಿ, ಹತ್ತಿರದ ಬ್ಯಾಂಕಿನೊಳಗೆ ನಡೆದುಬಿಡಿ, ಬಾಗಿಲಲ್ಲಿ ಕಾವಲುಗಾರರಿರುತ್ತಾರೆ.

ಕತ್ತಲಾದ ಮೇಲೆ ನಡೆಯಬಾರದು. ಈ ನಿಯಮಕ್ಕೆ ನಾನು ವಿನಾಯಿತಿ ಕೊಡುವುದಿಲ್ಲ, ಯಾರು ಕೇಳಿದರೂ. ಭೂಮಧ್ಯರೇಖೆಗೆ ಒಂದೇ ಡಿಗ್ರಿ ದಕ್ಷಿಣದ ಊರಾದ್ದರಿಂದ ವರ್ಷವಿಡೀ ಸೂರ್ಯ ಮುಳುಗುವುದು ಹೆಚ್ಚುಕಡಿಮೆ ಆರೂವರೆಗೇ, ಮುಳುಗಿದ ಮೇಲೆ ಕತ್ತಲಾಗಲು ಹೆಚ್ಚು ಹೊತ್ತು ಬೇಕಿಲ್ಲ. ಆರಕ್ಕೆ ಕಾರಿನೊಳಗಿರಿ. ಓಡಾಟಕ್ಕೆ ಊಬರ್, ಬೋಲ್ಟ್ ಎರಡೂ ಚೆನ್ನಾಗಿ ನಡೆಯುತ್ತವೆ.

ಟ್ರಾವೆಲ್ಸ್‌ನವರು ಹಾಗೆ ಹೇಳಿದ್ದಕ್ಕೂ ಕಾರಣವಿದೆ. ನೀವು ಅವರ ಗಾಡಿಯಿಂದ ಇಳಿದ ಕ್ಷಣದಿಂದ ಜವಾಬ್ದಾರಿ ಯಾರದ್ದು ಎಂಬ ಪ್ರಶ್ನೆ ಏಳುತ್ತದೆ. ಏನಾದರೂ ಆದರೆ ಫೋನ್ ಬರುವುದು ಅವರಿಗೆ. ಆ ಭಯ ಸಹಜ. ಜೊತೆಗೆ ಅವರಲ್ಲಿ ಅನೇಕರು ನೈರೋಬಿಯಲ್ಲಿ ವಿಮಾನ ನಿಲ್ದಾಣ ಮತ್ತು ಹೋಟೆಲ್ ಬಿಟ್ಟು ಬೇರೇನನ್ನೂ ನೋಡಿರುವುದಿಲ್ಲ.

ಈಗ, ನೋಡಲು ಏನಿದೆ ಎಂಬುದಕ್ಕೆ ಬರೋಣ. ಹುಬ್ಬಳ್ಳಿಯವರಿಗೆ ಉತ್ತರ ಕೊಡುತ್ತಿರುವುದರಿಂದ ನನಗೆ ಅತ್ಯಂತ ಇಷ್ಟವಾದ ಎರಡು ಜಾಗಗಳಿಂದಲೇ ಆರಂಭಿಸುತ್ತೇನೆ.

ನಗರದ ಕೇಂದ್ರದಲ್ಲಿ ಕೆನ್ಯಾ ರಾಷ್ಟ್ರೀಯ ಪತ್ರಾಗಾರ ಇದೆ. ಬಸ್ಸು, ಗದ್ದಲ, ತಳ್ಳುಗಾಡಿಗಳ ನಡುವೆ ಕಂಬಗಳ ಹಳೆಯ ಕಲ್ಲಿನ ಕಟ್ಟಡ. ಮೊದಲು ಅದರಲ್ಲಿ ಇದ್ದದ್ದು ಬ್ಯಾಂಕ್ ಆಫ್ ಇಂಡಿಯಾ. ಒಳಗೆ ಕಾಲಿಟ್ಟರೆ ನೆಲಮಹಡಿಯ ತುಂಬ ಆಫ್ರಿಕಾದ ಮೂಲೆಮೂಲೆಯ ಮುಖವಾಡ, ಮಣಿಸರ, ಕೆತ್ತನೆ, ಬಟ್ಟೆ, ಆಯುಧ. ಇವನ್ನು ಕೂಡಿಹಾಕಿದವರು ಜೋಸೆಫ್ ಮುರುಂಬಿ, ಕೆನ್ಯಾದ ಎರಡನೇ ಉಪಾಧ್ಯಕ್ಷರು. ತಂದೆ ಗೋವಾದ ವ್ಯಾಪಾರಿ, ತಾಯಿ ಮಸಾಯಿ ಹೆಣ್ಣುಮಗಳು. ಹುಡುಗನನ್ನು ಓದಲು ತಂದೆ ಭಾರತಕ್ಕೆ ಕಳಿಸಿದರು. ಮುರುಂಬಿ ಶಾಲೆ ಕಲಿತದ್ದು ಬೆಂಗಳೂರು ಮತ್ತು ಬಳ್ಳಾರಿಯಲ್ಲಿ. ಬಳ್ಳಾರಿಯ ಬಿಸಿಲಿನಲ್ಲಿ ಆಡಿದ ಹುಡುಗ ದೊಡ್ಡವನಾಗಿ ತಾಯಿಯ ನೆಲಕ್ಕೆ ಮರಳಿ, ಸ್ವಾತಂತ್ರ್ಯ ಹೋರಾಟಕ್ಕಿಳಿದು, ಆಮೇಲೆ ಆಫ್ರಿಕಾದ ಕಲೆ ಪರದೇಶದ ಪಾಲಾಗಬಾರದು ಎಂದು ಜೀವಮಾನವಿಡೀ ಸಂಗ್ರಹಿಸಿದ. ಈ ಗ್ಯಾಲರಿಗೆ ನಮ್ಮವರನ್ನು ಕರೆದೊಯ್ದಾಗಲೆಲ್ಲ ಗುಂಪು ಒಂದು ಕ್ಷಣ ಸುಮ್ಮನಾಗುತ್ತದೆ. ಎಲ್ಲೋ ದೂರದ್ದೆಂದು ನೋಡುತ್ತಿದ್ದ ವಸ್ತುಗಳು ಅಲ್ಲಿಂದ ಮುಂದೆ ಬೇರೆಯಾಗಿ ಕಾಣುತ್ತವೆ.

ಮುರುಂಬಿ 1966ರಲ್ಲಿ ಉಪಾಧ್ಯಕ್ಷರಾದರು, ಅದೇ ವರ್ಷ ಹುದ್ದೆ ಬಿಟ್ಟರು. ಅವರ ಆಪ್ತ ಗೆಳೆಯ ಪಿಯೊ ಗಾಮಾ ಪಿಂಟೊ ಅದಕ್ಕೂ ಮುಂಚೆ, 1965ರ ಫೆಬ್ರುವರಿ 24ರಂದು, ನೈರೋಬಿಯಲ್ಲಿ ತಮ್ಮ ಮನೆಯ ಮುಂದೆಯೇ ಗುಂಡಿಗೆ ಬಲಿಯಾಗಿದ್ದರು. ಪಿಂಟೊ ನೈರೋಬಿಯಲ್ಲಿ ಹುಟ್ಟಿದ ಗೋವಾ ಮೂಲದವರು, ಪತ್ರಕರ್ತರು, ಬ್ರಿಟಿಷರ ವಿರುದ್ಧ ಹೋರಾಡಿ ವರ್ಷಗಟ್ಟಲೆ ಬಂಧನದಲ್ಲಿದ್ದವರು. ಅವರು ಎರಡು ವರ್ಷ ವಿಜ್ಞಾನ ಓದಿದ್ದು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ. ನಿಮ್ಮ ಮನೆಯಿಂದ ಅರ್ಧ ಗಂಟೆ ದಾರಿ! ಪಿಂಟೊ ಸಮಾಧಿ ಪಾರ್ಕ್‌ಲ್ಯಾಂಡ್ಸ್ ಬಡಾವಣೆಯ ಸಿಟಿ ಪಾರ್ಕಿನ ಸ್ಮಶಾನದಲ್ಲಿದೆ. ಗೆಳೆಯನ ಹತ್ತಿರವೇ ತನ್ನನ್ನು ಮಣ್ಣು ಮಾಡಬೇಕೆಂದು ಬಯಸಿದ್ದ ಮುರುಂಬಿ ಅವರ ಸಮಾಧಿಯೂ ಅದೇ ಪಾರ್ಕಿನಲ್ಲಿ. ಹಳೆಯ ಮರಗಳ ತಂಪಾದ ಜಾಗ. ಮಂಗಗಳು ಧಾರಾಳವಾಗಿವೆ, ಕೈಯಲ್ಲಿ ತಿಂಡಿ ಹಿಡಿದು ಹೋಗಬೇಡಿ, ಮತ್ತು ಇಲ್ಲಿಗೆ ಇಬ್ಬರೇ ಹೋಗುವ ಬದಲು ಗೈಡ್ ಜೊತೆ ಹೋಗಿ.

ನಮ್ಮವರ ಹೆಜ್ಜೆ ಈ ಊರಿನಲ್ಲಿ ಇನ್ನೂ ಹಳೆಯದು. ನೈರೋಬಿ ಎಂಬ ಊರೇ ರೈಲಿನಿಂದ ಹುಟ್ಟಿದ್ದು. ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದ ಕಡೆ ಬ್ರಿಟಿಷರು ಹಳಿ ಹಾಕುತ್ತ 1899ರಲ್ಲಿ ಈ ಜೌಗು ಬಯಲಿಗೆ ಬಂದು ಡಿಪೊ ಮಾಡಿದರು, ಆ ಡಿಪೊ ಊರಾಯಿತು. ಹಳಿ ಹಾಕಲು ಭಾರತದಿಂದ, ಅದರಲ್ಲೂ ಪಂಜಾಬಿನಿಂದ, ಸುಮಾರು 32,000 ಕೂಲಿಗಳನ್ನು ತಂದಿದ್ದರು. ಅವರಲ್ಲಿ ಸುಮಾರು 2,500 ಮಂದಿ ರೋಗ, ಅಪಘಾತಗಳಿಗೆ ಸತ್ತರು. ಸಾವೊ ಎಂಬಲ್ಲಿ 1898ರಲ್ಲಿ ಎರಡು ಸಿಂಹಗಳು ಕೆಲಸಗಾರರನ್ನು ರಾತ್ರಿರಾತ್ರಿ ಎಳೆದೊಯ್ದ ಕಥೆ ನೀವು ಕೇಳಿರಬಹುದು, ಅದು ಇದೇ ರೈಲು ದಾರಿ. ರೈಲ್ವೆ ಮ್ಯೂಸಿಯಂನಲ್ಲಿ 1900ರಲ್ಲಿ ಸಿಂಹವೊಂದು ಒಳನುಗ್ಗಿ ಪೊಲೀಸ್ ಅಧಿಕಾರಿಯೊಬ್ಬನನ್ನು ಹೊತ್ತೊಯ್ದ ಬೋಗಿಯನ್ನೇ ನಿಲ್ಲಿಸಿದ್ದಾರೆ. ಹುಬ್ಬಳ್ಳಿ ರೈಲ್ವೆಯ ಊರು. ನಿಮ್ಮ ಯಜಮಾನರಿಗೆ ಹಳೆಯ ಉಗಿಬಂಡಿಗಳ ಮೇಲೆ ಪ್ರೀತಿಯಿದ್ದರೆ ಇಲ್ಲಿ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಸಮತಟ್ಟಾದ ಜಾಗ, ಮೊಣಕಾಲಿಗೂ ತೊಂದರೆಯಿಲ್ಲ.

ಭಾವನವರ ಮೂರನೇ ಮಾತು ಊಟದ್ದು. ಇಲ್ಲಿ ಅವರ ಮಾಹಿತಿ ಪೂರ್ತಿ ತಪ್ಪು. ರೈಲಿನ ಕೆಲಸ ಮುಗಿದ ಮೇಲೆ ಸುಮಾರು 6,700 ಜನ ಅಲ್ಲೇ ಉಳಿದರು, ಹಿಂದೆಯೇ ಗುಜರಾತಿನ ವ್ಯಾಪಾರಿಗಳು, ಗೋವಾದ ಗುಮಾಸ್ತರು ಬಂದು ನೆಲೆಸಿದರು. ಭಾರತೀಯ ಮೂಲದವರನ್ನು 2017ರಲ್ಲಿ ಕೆನ್ಯಾ ತನ್ನ 44ನೇ ಬುಡಕಟ್ಟು ಎಂದು ಅಧಿಕೃತವಾಗಿ ಗುರುತಿಸಿತು. ಪಾರ್ಕ್‌ಲ್ಯಾಂಡ್ಸ್, ಎನ್‌ಗಾರಾ ಬಡಾವಣೆಗಳಲ್ಲಿ ಶುದ್ಧ ಸಸ್ಯಾಹಾರಿ ಹೋಟೆಲುಗಳಿವೆ. ಡೈಮಂಡ್ ಪ್ಲಾಜಾದಲ್ಲಿ ದೋಸೆ, ಚಾಟ್, ಪಾನ್ ಎಲ್ಲ ಸಿಗುತ್ತದೆ. ಕಡಲೆಹಿಟ್ಟಿನಲ್ಲಿ ಅದ್ದಿ ಕರಿದ ಆಲೂ ಭಜಿ ಈಗ ನೈರೋಬಿಯ ಸ್ವಂತ ತಿಂಡಿ.

ಆದರೆ ದೋಸೆ ತಿನ್ನಲು ನೀವು ನೈರೋಬಿಗೆ ಹೋಗುತ್ತಿಲ್ಲವಲ್ಲ. ಅಲ್ಲಿಯ ಸಾಮಾನ್ಯರ ಊಟವನ್ನೇ ತಿಂದು ನೋಡಿ ಎನ್ನುತ್ತೇನೆ. ಮಧ್ಯಾಹ್ನ ಗುಮಾಸ್ತರು, ಡ್ರೈವರುಗಳು ಉಣ್ಣುವ ಸಾದಾ ಹೋಟೆಲಿನಲ್ಲಿ ಎನ್‌ಡೆಂಗು ಕೇಳಿದರೆ ಹೆಸರುಕಾಳಿನ ಗಟ್ಟಿ ಸಾರು ಬರುತ್ತದೆ, ಜೊತೆಗೆ ಚಪಾತಿ. ಆ ಚಪಾತಿ ನಮ್ಮದಕ್ಕಿಂತ ದಪ್ಪ, ಪದರುಪದರು, ಎಣ್ಣೆ ಜಾಸ್ತಿ. ಅವರಿಗೆ ಅದು ಹಬ್ಬದ ಅಡುಗೆ, ಕ್ರಿಸ್‌ಮಸ್ಸಿಗೆ ಮನೆಮನೆಯಲ್ಲೂ ಚಪಾತಿ. ಮೆಕ್ಕೆಜೋಳ ಮತ್ತು ಕಾಳು ಬೇಯಿಸಿದ ಗಿಥೇರಿ, ಸೊಪ್ಪಿನ ಪಲ್ಯ ಸುಕುಮಾ ವಿಕಿ, ತೆಂಗಿನಹಾಲು ಹಾಕಿದ ಮಹರಾಗ್ವೆ ಎಂಬ ಕಾಳಿನ ಸಾರು. ಮುದ್ದೆಯಂತೆ ಮುರಿದು ತಿನ್ನುವ ಉಗಾಲಿ ಮೆಕ್ಕೆಜೋಳದ ಹಿಟ್ಟಿನದು. ಒಂದು ಎಚ್ಚರ: ಕೆಲವು ಕಡೆ ಕಾಳಿಗೆ, ಸೊಪ್ಪಿಗೆ ಮಾಂಸದ ರಸ ಸೇರಿಸಿರುತ್ತಾರೆ. ‘ಸಿಲಿ ನ್ಯಾಮಾ’, ಮಾಂಸ ತಿನ್ನುವುದಿಲ್ಲ, ಎಂದು ಹೇಳಿ, ರಸವೂ ಬೇಡ ಎಂದು ಗೈಡ್ ಮೂಲಕ ಇನ್ನೊಮ್ಮೆ ಹೇಳಿಸಿ. ಇಬ್ಬರು ಸೇರಿ ಒಂದು ತಟ್ಟೆ ತರಿಸಿ ರುಚಿ ನೋಡಿ, ಹಿಡಿಸಿದರೆ ಇನ್ನೊಂದು.

ನನ್ನ ಗುಂಪಿನವರು ಹುಬ್ಬೇರಿಸುವುದು ಬೆಳಗಿನ ಉಜಿಗೆ. ಬಿಸಿಬಿಸಿ ಗಂಜಿ ಅದು, ಅದರಲ್ಲೂ ವಿಂಬಿಯ ಉಜಿ ಕೇಳಿ. ಲೋಟ ಕೈಗೆ ಬಂದಾಗ ಬಣ್ಣ, ವಾಸನೆ ಎರಡೂ ಗುರುತಿನವು. ವಿಂಬಿ ನಮ್ಮ ರಾಗಿಯೇ. ಮಗುವಿಗೆ, ಬಾಣಂತಿಗೆ, ರೋಗಿಗೆ ಅಲ್ಲಿಯ ಅಜ್ಜಿಯರೂ ಅದನ್ನೇ ಕುಡಿಸುತ್ತಾರೆ. ನಾವು ಕರ್ನಾಟಕದ್ದೇ ಎಂದು ಹೆಮ್ಮೆಪಡುವ ರಾಗಿಯನ್ನು ಮನುಷ್ಯ ಮೊದಲು ಸಾಗುವಳಿಗೆ ತಂದದ್ದು ಪೂರ್ವ ಆಫ್ರಿಕಾದ ಈ ಎತ್ತರದ ನಾಡುಗಳಲ್ಲಿ, ಅಲ್ಲಿಂದಲೇ ಅದು ಸಮುದ್ರ ದಾಟಿ ನಮ್ಮ ಹೊಲಕ್ಕೆ ಬಂತು. ನಾನು ಮಂಡ್ಯದವನು. ರಾಗಿಯ ತವರಿನಲ್ಲಿ ರಾಗಿ ಅಂಬಲಿ ಕುಡಿಯುವಾಗ ಆಗುವ ಸಂತೋಷವನ್ನು ಸಫಾರಿಯ ಯಾವ ಪ್ಯಾಕೇಜೂ ಕೊಟ್ಟಿಲ್ಲ. ಯಜಮಾನರಿಗೆ ಸಕ್ಕರೆ ಹಾಕದೆ ಕೊಡಲು ಮೊದಲೇ ಹೇಳಿ, ಅಲ್ಲಿ ಧಾರಾಳವಾಗಿ ಸುರಿಯುತ್ತಾರೆ.

ಚಹಾ ನಮ್ಮ ಥರವೇ, ಹಾಲು ಹಾಕಿ ಕುದಿಸಿದ್ದು. ಜೊತೆಗೆ ಮಂದಾಜಿ ಎಂಬ ಉಬ್ಬಿದ ಸಿಹಿ ಕರಿದ ತಿಂಡಿ. ಕಾಫಿ ಬೆಳೆಯುವ ದೇಶವಾದರೂ ಒಳ್ಳೆಯ ಬೀಜ ಬಹುಪಾಲು ಹೊರಗೆ ಹೋಗುತ್ತದೆ, ಜನ ಕುಡಿಯುವುದು ಚಹಾ. ಆದರೂ ಒಳ್ಳೆಯ ಕಾಫಿ ಅಂಗಡಿಗಳು ಈಗ ಸಾಕಷ್ಟಿವೆ. ಡಿಕಾಕ್ಷನ್ ಕುಡಿದು ಬೆಳೆದ ನಾಲಿಗೆಗೆ ಆ ಹಣ್ಣಿನ ಹುಳಿ ಹೊಸದು, ಹಾಲಿಲ್ಲದೆ ಒಮ್ಮೆ ಕುಡಿದು ನೋಡಿ.

ಕರೂರಾ ಅರಣ್ಯವನ್ನು ನಿಮ್ಮ ಮೊದಲ ದಿನಕ್ಕೆ ಇಟ್ಟುಕೊಳ್ಳಿ. ಸಾವಿರ ಹೆಕ್ಟೇರಿಗೂ ಹೆಚ್ಚಿನ ಕಾಡು, ಊರಿನ ಹೊಟ್ಟೆಯಲ್ಲೇ. ಕೆಮ್ಮಣ್ಣಿನ ಅಗಲವಾದ ದಾರಿ, ಜಲಪಾತ, ಬ್ರಿಟಿಷರ ವಿರುದ್ಧ ದಂಗೆಯೆದ್ದ ಮಾವ್ ಮಾವ್ ಹೋರಾಟಗಾರರು ಅಡಗುತ್ತಿದ್ದ ಗುಹೆಗಳು, ಬಿದಿರು. ಗೇಟಿನ ಹತ್ತಿರದ ಸುತ್ತು ಮಾತ್ರ ಹಾಕಿದರೂ ಸಾಕು, ದಾರಿಗಳು ಸುಲಭ. ಜಲಪಾತಕ್ಕೆ ಇಳಿಯುವ ಮೆಟ್ಟಿಲನ್ನು ಯಜಮಾನರು ಬಿಟ್ಟುಬಿಡಲಿ. ಈ ಕಾಡು ಉಳಿದದ್ದರ ಹಿಂದೆ ಒಂದು ಹೆಣ್ಣಿನ ಹಟವಿದೆ. ತೊಂಬತ್ತರ ದಶಕದ ಕೊನೆಗೆ ಸರ್ಕಾರ ಇದರ ಭಾಗಗಳನ್ನು ಕಟ್ಟಡದವರಿಗೆ ಹಂಚಿತ್ತು. ಪರಿಸರ ಹೋರಾಟಗಾರ್ತಿ ವಂಗಾರಿ ಮಾಥಾಯಿ ಜನರನ್ನು ಕಟ್ಟಿಕೊಂಡು ಗಿಡ ನೆಡಲು ಬಂದರು. 1999ರ ಜನವರಿಯಲ್ಲಿ ಬಾಡಿಗೆ ಗೂಂಡಾಗಳು ಹೊಡೆದು ಅವರ ತಲೆ ಒಡೆದರು. ಅವರು ಹಿಂದೆ ಸರಿಯಲಿಲ್ಲ, ಕಾಡು ಉಳಿಯಿತು. 2004ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಉತ್ತರ ಕನ್ನಡದಲ್ಲಿ 1983ರಲ್ಲಿ ಮರ ತಬ್ಬಿ ನಿಂತ ಅಪ್ಪಿಕೋ ಹೆಣ್ಣುಮಕ್ಕಳನ್ನು ಬಲ್ಲ ನಿಮಗೆ ಈ ಮರಗಳ ಕೆಳಗೆ ನಡೆಯುವಾಗ ಹೆಚ್ಚು ವಿವರಣೆ ಬೇಕಾಗದು. ಒಂದು ಕಾಲದಲ್ಲಿ ಜನ ಒಳಗೆ ಹೋಗಲು ಹೆದರುತ್ತಿದ್ದ ಜಾಗವಿದು. ಬೇಲಿ ಮತ್ತು ಸ್ಥಳೀಯರ ಕಾವಲು ಬಂದ ಮೇಲೆ ಬೆಳಗಿನ ಹೊತ್ತು ಹೆಂಗಸರು ಒಬ್ಬೊಬ್ಬರೇ ಓಡುವುದನ್ನು ಕಾಣುತ್ತೀರಿ.

ನೈರೋಬಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗಲೇಬೇಕು ಎಂದು ಎಲ್ಲರೂ ಹೇಳುತ್ತಾರೆ. 1946ರಲ್ಲಿ ಆದದ್ದು, 117 ಚದರ ಕಿಲೋಮೀಟರ್, ಜಿರಾಫೆಯ ಹಿಂದೆ ಗಗನಚುಂಬಿ ಕಟ್ಟಡ ಕಾಣುವ ಊರು ಬೇರೆ ಇಲ್ಲ. ಆದರೆ ನೀವು ಮಾರಾಕ್ಕೆ ಹೋಗುತ್ತಿದ್ದೀರಿ. ಘೇಂಡಾಮೃಗ ನೋಡಲೇಬೇಕೆಂಬ ಆಸೆ ಇದ್ದರೆ ಮಾತ್ರ ಹೋಗಿ, ಇಲ್ಲಿ ಅವು ಸುಲಭವಾಗಿ ಕಾಣುತ್ತವೆ. ಇಲ್ಲವಾದರೆ ಆ ಬೆಳಗನ್ನು ಊರಿಗೇ ಕೊಡಿ. ಕಿಬೇರಾದಂಥ ಬಡ ಬಡಾವಣೆಗಳಿಗೆ ‘ಸ್ಲಂ ಟೂರ್’ ಮಾರುವವರೂ ಸಿಗುತ್ತಾರೆ. ನಾನು ಯಾರನ್ನೂ ಕರೆದೊಯ್ಯುವುದಿಲ್ಲ. ಇನ್ನೊಬ್ಬರ ಮನೆಯ ಕಷ್ಟ ಪ್ರದರ್ಶನದ ವಸ್ತುವಲ್ಲ.

ನಿಮ್ಮಂಥವರಿಗೆ ಬಿಯಾಶರಾ ಸ್ಟ್ರೀಟ್ ಹಿಡಿಸುತ್ತದೆ. ಹಿಂದಿನ ಇಂಡಿಯನ್ ಬಜಾರು ಅದು, ಈಗಲೂ ಜವಳಿ ಅಂಗಡಿಗಳ ಸಾಲು. ಕಾಂಗಾ ಎಂಬ ಹತ್ತಿ ಬಟ್ಟೆ ಜೋಡಿಯಾಗಿ ಮಾರುತ್ತಾರೆ, ಒಂದೊಂದರ ಅಂಚಿನ ಮೇಲೂ ಸ್ವಾಹಿಲಿಯಲ್ಲಿ ಒಂದು ಗಾದೆ ಅಚ್ಚಾಗಿರುತ್ತದೆ. ಅಂಗಡಿಯವರಿಂದ ಓದಿಸಿ ಅರ್ಥ ಕೇಳಿ. ಅತ್ತೆ ಸೊಸೆಗೆ, ಗೆಳತಿ ಗೆಳತಿಗೆ, ಹೆಂಡತಿ ಗಂಡನಿಗೆ ಬಾಯಲ್ಲಿ ಹೇಳಲಾಗದ್ದನ್ನು ಬಟ್ಟೆಯ ಮೂಲಕ ಹೇಳುವ ರೂಢಿ ಅಲ್ಲಿದೆ. ಊರಿಗೆ ತರಲು ಇದಕ್ಕಿಂತ ಹಗುರವಾದ, ಒಳ್ಳೆಯ ಉಡುಗೊರೆ ನನಗೆ ಗೊತ್ತಿಲ್ಲ. ಭಾನುವಾರ ಬಹಳ ಅಂಗಡಿ ಮುಚ್ಚಿರುತ್ತವೆ, ಶನಿವಾರ ಬೆಳಗ್ಗೆ ಚೆನ್ನ.

ರಸ್ತೆಯಲ್ಲಿ ಕಾಣುವ ಮಟಾಟುಗಳ ಬಗ್ಗೆ ಒಂದು ಮಾತು. ಇವು ಖಾಸಗಿ ಬಸ್ಸು, ವ್ಯಾನುಗಳು. ಮೈತುಂಬ ಚಿತ್ರ, ಒಳಗೆ ಬಣ್ಣದ ದೀಪ, ಕಿವಿಗಡಚಿಕ್ಕುವ ಹಾಡು. ಫುಟ್‌ಬಾಲ್ ಆಟಗಾರನಿಂದ ಹಿಡಿದು ರಾಜಕಾರಣಿಯವರೆಗೆ ಯಾರ ಮುಖ ಬೇಕಾದರೂ ಹಿಂಬದಿಯ ಮೇಲಿರಬಹುದು. ನಿಂತು ನೋಡುವುದೇ ಒಂದು ಖುಷಿ. ಹತ್ತುವ ಆಸೆಯಾದರೆ ಗೈಡ್ ಜೊತೆ, ಹಗಲಲ್ಲಿ, ಸಣ್ಣ ದೂರಕ್ಕೆ. ಚಾಲನೆ ಒರಟು, ಮೊಣಕಾಲಿಗೆ ಜಾಗ ಕಡಿಮೆ. ಯಜಮಾನರಿಗೆ ಬೇಡ ಎನ್ನುತ್ತೇನೆ.

ಹಾಗಾದರೆ ನಿಮ್ಮ ಮುಂದಿರುವ ದಾರಿಗಳು. ಎರಡೂ ದಿನ ರದ್ದು ಮಾಡಬಹುದು. ದುಡ್ಡು ಉಳಿಯುತ್ತದೆ, ಆದರೆ ರಾತ್ರಿ ವಿಮಾನ ಇಳಿದು ಬೆಳಗ್ಗೆಯೇ ಐದಾರು ಗಂಟೆಯ ರಸ್ತೆ ಪ್ರಯಾಣಕ್ಕೆ ಹೊರಡುವುದು ನಿಮ್ಮಿಬ್ಬರ ವಯಸ್ಸಿಗೆ ನಗರದ ಯಾವ ಅಪಾಯಕ್ಕಿಂತಲೂ ಹೆಚ್ಚು ಹೈರಾಣ ಮಾಡುತ್ತದೆ. ಇಡೀ ದಿನಕ್ಕೆ ಕಾರು, ಡ್ರೈವರ್ ಇಟ್ಟುಕೊಂಡು ಜಾಗದಿಂದ ಜಾಗಕ್ಕೆ ಹೋಗಬಹುದು. ಸುರಕ್ಷಿತ, ಆದರೆ ಟ್ರಾಫಿಕ್ಕಿನಲ್ಲೇ ಅರ್ಧ ದಿನ ಹೋಗಿ, ಊರು ಗಾಜಿನ ಆಚೆಯೇ ಉಳಿಯುತ್ತದೆ. ನೀವಿಬ್ಬರೇ ನಗರದ ಮಧ್ಯೆ ನಡೆಯಬಹುದು. ಅನೇಕರು ನಡೆಯುತ್ತಾರೆ, ಏನೂ ಆಗುವುದಿಲ್ಲ, ಆದರೆ ಮೊದಲ ಸಲ ಹೋದವರಿಗೆ ಎಲ್ಲಿ ತಿರುಗಬಾರದು ಎಂಬುದು ಗೊತ್ತಿರುವುದಿಲ್ಲ. ನಾನು ಸೂಚಿಸುವುದು ಸ್ಥಳೀಯ ಗೈಡ್ ಜೊತೆ ಬೆಳಗಿನ ಮೂರು ಗಂಟೆಯ ಕಾಲ್ನಡಿಗೆ. ನಿಮ್ಮ ಹೋಟೆಲಿನವರೇ ಪರವಾನಗಿ ಇರುವ ಗೈಡ್ ಗೊತ್ತು ಮಾಡಿಕೊಡುತ್ತಾರೆ, ರೇಟು ಮೊದಲೇ ಮಾತಾಡಿ. ಪತ್ರಾಗಾರ, ಬಿಯಾಶರಾ ಸ್ಟ್ರೀಟ್, ಜಾಮಿಯಾ ಮಸೀದಿಯ ಸುತ್ತಮುತ್ತ, ನಡುವೆ ಎರಡು ಸಲ ಚಹಾಕ್ಕೆ ಕೂರುವುದು. ಎಲ್ಲ ಹತ್ತಿರ ಹತ್ತಿರ. ಪಾರ್ಕ್‌ಲ್ಯಾಂಡ್ಸ್‌ನಲ್ಲಿ ಊಟ, ಸಿಟಿ ಪಾರ್ಕು, ಹೋಟೆಲಿಗೆ ವಾಪಸ್.

ಯಾರನ್ನು ಏನು ಕೇಳುವ ಮೊದಲೂ ಕುಶಲ ಕೇಳಿ. ‘ಹಬಾರಿ’ ಎಂದು ಆರಂಭಿಸಿ, ಅವರು ‘ನ್ಜುರಿ’ ಎನ್ನುತ್ತಾರೆ, ಆಮೇಲೆ ವಿಷಯಕ್ಕೆ ಬನ್ನಿ. ನೇರವಾಗಿ ‘ಇದೆಷ್ಟು, ಅದೆಲ್ಲಿ’ ಎಂದರೆ ಅಲ್ಲಿ ಒರಟುತನ. ನಿಮ್ಮನ್ನು ‘ಮಾಮಾ’ ಎಂದೂ, ಯಜಮಾನರನ್ನು ‘ಮ್ಜೀ’ ಎಂದೂ ಕರೆಯುತ್ತಾರೆ, ಹಿರಿಯರಿಗೆ ಕೊಡುವ ಮರ್ಯಾದೆ ಅದು. ಕೂರಲು ಕುರ್ಚಿ ತಾನಾಗಿ ಬರುತ್ತದೆ. ಭಾವನವರ ಭಯದಲ್ಲಿ ಒಂದು ಪಾಲು ಪರಿಚಯವಿಲ್ಲದ ಮುಖಗಳ ಭಯ ಎಂದು ನನಗನ್ನಿಸುತ್ತದೆ. ಅದು ಮೊದಲ ಅರ್ಧ ಗಂಟೆಯಲ್ಲೇ ಕರಗುವುದನ್ನು ಮತ್ತೆ ಮತ್ತೆ ನೋಡಿದ್ದೇನೆ. ಫೋಟೊ ಮಾತ್ರ ಕೇಳಿಯೇ ತೆಗೆಯಿರಿ. ಪೊಲೀಸರು, ಸೇನೆ, ಅಧ್ಯಕ್ಷರ ನಿವಾಸದ ಫೋಟೊ ಬೇಡವೇ ಬೇಡ.

ಹೊರಡುವ ಮುನ್ನ ಇನ್ನು ಕೆಲವು ಮಾತು. ವೀಸಾದ ಬದಲು 2024ರಿಂದ ಆನ್‌ಲೈನ್ ಪ್ರಯಾಣ ಅನುಮತಿ ಬಂದಿದೆ, ಕೆನ್ಯಾ ಸರ್ಕಾರದ ಜಾಲತಾಣದಲ್ಲೇ ಅರ್ಜಿ ಹಾಕಿ. ಅದೇ ಥರ ಕಾಣುವ ಬೇರೆ ತಾಣಗಳು ಹೆಚ್ಚು ದುಡ್ಡು ಕೀಳುತ್ತವೆ. ಪ್ಲಾಸ್ಟಿಕ್ ಕೈಚೀಲಗಳಿಗೆ 2017ರಿಂದ ಅಲ್ಲಿ ಪೂರ್ತಿ ನಿಷೇಧ. ಚಕ್ಕುಲಿ, ಚಟ್ನಿಪುಡಿ ಕಟ್ಟುವಾಗ ಅಂಗಡಿಯ ಕ್ಯಾರಿಬ್ಯಾಗ್ ಬಳಸದೆ ಬಟ್ಟೆ ಚೀಲ, ಡಬ್ಬಿ ಬಳಸಿ. ರಾಷ್ಟ್ರೀಯ ಉದ್ಯಾನ, ಅರಣ್ಯಗಳಲ್ಲಿ 2020ರಿಂದ ಬಿಸಾಡುವ ಪ್ಲಾಸ್ಟಿಕ್ ಬಾಟಲಿಯೂ ಇಲ್ಲ, ಸ್ಟೀಲ್ ಬಾಟಲಿ ಒಯ್ಯಿರಿ, ನಲ್ಲಿ ನೀರು ಕುಡಿಯಬೇಡಿ. ಆಗಸ್ಟ್ ಅಲ್ಲಿ ಚಳಿಯ ಕಾಲ, ಬೆಳಗ್ಗೆ ಹನ್ನೆರಡು ಡಿಗ್ರಿಯ ಆಸುಪಾಸು, ಸ್ವೆಟರ್ ಬೇಕು. ನಗದು ಸ್ವಲ್ಪ ಸಾಕು. ತರಕಾರಿ ಗಾಡಿಯವರೂ 2007ರಲ್ಲಿ ಆರಂಭವಾದ ಎಂ-ಪೆಸಾ ಎಂಬ ಮೊಬೈಲ್ ಪಾವತಿ ಸೇವೆಯಲ್ಲಿ ಹಣ ತೆಗೆದುಕೊಳ್ಳುತ್ತಾರೆ. ಪಾಸ್‌ಪೋರ್ಟ್ ತೋರಿಸಿ ಸಿಮ್ ಕೊಂಡರೆ ನಿಮಗೂ ಖಾತೆ ಸಿಗುತ್ತದೆ. ಯಜಮಾನರ ಮಾತ್ರೆಗಳು ಎಲ್ಲ ದಿನಕ್ಕೂ ಸಾಕಾಗುವಷ್ಟು, ವೈದ್ಯರ ಚೀಟಿಯೊಂದಿಗೆ, ಕೈಚೀಲದಲ್ಲೇ ಇರಲಿ. ಅಲ್ಲಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ, ಮಾತ್ರೆಯ ಹೊತ್ತನ್ನು ಅದಕ್ಕೆ ಹೇಗೆ ಹೊಂದಿಸಬೇಕು ಎಂದು ಕೇಳಿಕೊಂಡು ಹೋಗಿ.

ಕೊನೆಯ ದಿನ ವಿಮಾನ ಸಂಜೆಯಾದರೆ ನಡಿಗೆಯನ್ನು ಬೆಳಗ್ಗೆ ಎಂಟಕ್ಕೇ ಆರಂಭಿಸಿ, ಮಧ್ಯಾಹ್ನದ ಊಟಕ್ಕೇ ಮುಗಿಸಿ. ವಿಮಾನಕ್ಕೆ ನಾಲ್ಕು ಗಂಟೆ ಮೊದಲೇ ಹೋಟೆಲ್ ಬಿಡಿ, ಸಾಮಾನ್ಯ ರಸ್ತೆ ಬೇಡ, ಟೋಲ್ ಕಟ್ಟಿ ಎಕ್ಸ್‌ಪ್ರೆಸ್‌ವೇಯಲ್ಲೇ ಹೋಗಲು ಡ್ರೈವರಿಗೆ ಹೇಳಿ.